ಇಳಿಜಾರಿನ ತೋಟ: ಮೊದಲು ನೀರಿನ ಜಾಡು

ಪ್ರಶ್ನೆ: ಮೂಡಿಗೆರೆಯ ಬಳಿ ನಮಗೆ ಎರಡು ಎಕರೆ ಇಳಿಜಾರು ಜಮೀನಿದೆ. ಪ್ರಕೃತಿಯ ವಿನ್ಯಾಸಗಳನ್ನು ಅನುಸರಿಸಿ ಪರ್ಮಾಕಲ್ಚರ್ (ದೀರ್ಘಕಾಲ ಬಾಳುವ ಕೃಷಿ) ತೋಟ ಮಾಡುವ ಆಸೆಯಿದೆ. ಸುರುಳಿಯಾಕಾರದ ಮಡಿಗಳಿಂದ ಆರಂಭಿಸಬಹುದೇ?

ಉತ್ತರ: ದಯವಿಟ್ಟು ನೀರಿನಿಂದ ಆರಂಭಿಸಿ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ಈ ಪದ್ಧತಿಯಲ್ಲಿ ಆಕಾರದ ಚೆಲುವಿಗಿಂತ ಅದು ಮಾಡುವ ಕೆಲಸ ಮುಖ್ಯ. ಮುಂಗಾರು ಜೋರಾಗಿರುವಾಗ ಜಮೀನಿನಲ್ಲಿ ನಡೆದು, ನೀರು ಎಲ್ಲೆಲ್ಲಿ ಕವಲುಗಳಾಗಿ ಕೂಡಿಕೊಂಡು ಹರಿಯುತ್ತದೆ, ಎಲ್ಲಿ ತಂಗುತ್ತದೆ ಎಂಬುದನ್ನು ಗೂಟ ನೆಟ್ಟು ಗುರುತಿಸಿಕೊಳ್ಳಿ. ನೀರು ಇಳಿಜಾರಿನ ನೇರಕ್ಕೇ ಧಾವಿಸುವುದರಿಂದ, ಗಿಡಗಳ ಸಾಲುಗಳು ಅದಕ್ಕೆ ಅಡ್ಡಲಾಗಿ, ಸಮಪಾತಳಿ ರೇಖೆಯನ್ನು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಅನುಸರಿಸಿ ಬಾಗುತ್ತಾ ಸಾಗಿದರೆ ಅದರ ವೇಗ ತಗ್ಗಿ ಮೇಲ್ಮಣ್ಣು ಉಳಿಯುತ್ತದೆ. ನಮ್ಮ ಕಾಫಿ ತೋಟಗಳಲ್ಲಿ ಗಿಡಗಳ ಸಾಲುಗಳ ನಡುವೆ ತೋಡುವ ತೊಟ್ಟಿಲು ಗುಂಡಿಗಳು ಮಾಡುವ ಕೆಲಸವೂ ಇದೇ ಎಂಬುದು ನನಗೆ ಸದಾ ಹೆಮ್ಮೆಯ ವಿಷಯ. ಆದರೆ ಮಲೆನಾಡಿನ ಕಡಿದಾದ ಗುಡ್ಡದಲ್ಲಿ ಉದ್ದನೆಯ ಇಂಗುಗಾಲುವೆ ತೋಡಿ ನೀರನ್ನೆಲ್ಲ ತಡೆದರೆ ಮಣ್ಣು ನೆನೆದು ಕುಸಿಯುವ ಅಪಾಯವಿದೆ. ಹೆಚ್ಚುವರಿ ನೀರಿಗೆ ಅದರ ಹಳೆಯ ಜಾಡನ್ನೇ ಬಿಟ್ಟುಕೊಡಿ, ಅಲ್ಲಿ ಲಾವಂಚ ನೆಡಿ.

ಗಿಡಮರಗಳ ಪದರಗಳ ವಿಷಯದಲ್ಲಿ ಕಾಡೇ ಮಾದರಿ: ಮೇಲೆ ಹಲಸು, ಅದನ್ನು ಹಬ್ಬಿದ ಮೆಣಸು, ಕೆಳಗೆ ಕಾಫಿ ಮತ್ತು ಏಲಕ್ಕಿ. ಸುರುಳಿ ಮಡಿಯನ್ನು ಅಡುಗೆಮನೆಯ ಹಿತ್ತಲಿನಲ್ಲಿ ಚಿಕ್ಕದಾಗಿ, ನಡುವೆ ದಿಬ್ಬದಂತೆ ಎತ್ತರವಾಗಿ ಕಟ್ಟಿ, ಬೇಗ ಒಣಗುವ ತುದಿಯಲ್ಲಿ ದೊಡ್ಡಪತ್ರೆಯನ್ನೂ ತೇವವಿರುವ ಬುಡದಲ್ಲಿ ಪುದೀನವನ್ನೂ ಬೆಳೆಯಬಹುದು.