ಶಾಲೆಯಲ್ಲಿ ಗೇಲಿಗೆ ಸಿಕ್ಕ ಹುಡುಗಿ ಮನೆಯಲ್ಲಿ ಬಾಯಿ ಬಿಡದೆ ದುಗ್ಗಮ್ಮ ದೇವಿಯ ಮುಂದೆ ಮಾತ್ರ ಅಳುವುದೇಕೆ?

ಮನೆಯವರ ಮೇಲೆ ನಂಬಿಕೆಯಿಲ್ಲ ಅಂತಲ್ಲ. ಮನೆ ಈಗಾಗಲೇ ಸೋತಿದೆ ಅಂತ ಅವಳಿಗೆ ಗೊತ್ತು. ಅಪ್ಪ ಅಮ್ಮ ದಿನಾ ಜಗಳವಾಡುವ ಮನೆಯಲ್ಲಿ ಹದಿನೈದರ ಹುಡುಗಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನ ದನಿ ಅಳೆಯುತ್ತಾಳೆ. ‘ಇದರ ಮೇಲೆ ನನ್ನದೂ ಒಂದು ಯಾಕೆ’ ಎಂದು ನುಂಗಿಕೊಳ್ಳುತ್ತಾಳೆ. ಹೇಳಿದರೆ ‘ನೀನೇನು ಮಾಡಿದ್ದೆ?’ ಅಂತಲೋ ‘ಶಾಲೆ ಬಿಡಿಸ್ತೀನಿ’ ಅಂತಲೋ ಅಂದಾರು ಎಂಬ ಭಯ ಬೇರೆ. ದಾವಣಗೆರೆಯ ದುಗ್ಗಮ್ಮ ಮರುಪ್ರಶ್ನೆ ಹಾಕುವುದಿಲ್ಲ, ಯಾರಿಗೂ ಚಾಡಿ ಹೇಳುವುದೂ ಇಲ್ಲ.

ಆ ಮೊರೆಯನ್ನು ಹಗುರವಾಗಿ ನೋಡಬೇಡಿ. ಕಣ್ಣು ಮುಚ್ಚಿ ಒಂದೇ ಹೆಸರನ್ನು ನಿಧಾನಕ್ಕೆ ಜಪಿಸುವಾಗ ಹೊರಬಿಡುವ ಉಸಿರು ಉದ್ದವಾಗುತ್ತದೆ, ಅದರಿಂದ ಎದೆಬಡಿತ ತಗ್ಗುತ್ತದೆ. ಗೇಲಿ ಮಾತ್ರ ಅಷ್ಟಕ್ಕೆ ನಿಲ್ಲುವುದಿಲ್ಲ. ಅದಕ್ಕೆ ದೊಡ್ಡವರೊಬ್ಬರು ಅಡ್ಡ ನಿಲ್ಲಲೇಬೇಕು.

ನನ್ನ ಕೇಳಿದರೆ, ಮಂಗಳವಾರ ಗುಡಿಗೆ ಅವಳ ಜೊತೆ ನೀವೂ ನಡೆಯಿರಿ. ಎದುರು ಕೂರಿಸಿ ಕೇಳಿದಾಗ ಬಾರದ ಮಾತು ಪಕ್ಕದಲ್ಲಿ ನಡೆಯುವಾಗ ಬಂದುಬಿಡುತ್ತದೆ. ನಿಮ್ಮ ಹತ್ತಿರವೂ ಅವಳಿಗೆ ಹೇಳಲಾಗದಿದ್ದರೆ 1098, ಮಕ್ಕಳ ಸಹಾಯವಾಣಿಗೆ ಅವಳೇ ಫೋನ್ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ.