ಗೊತ್ತಾಗದ ಹಾಗೆ ಊಟಕ್ಕೆ ಹಾಕುವ ಪುಡಿ

(ಗುರುತು ಸಿಗಬಾರದೆಂದು ಊರು, ಕಸುಬು, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ದಂಪತಿ ಇಬ್ಬರೂ ಒಪ್ಪಿದ ಮೇಲೆಯೇ ಬರೆದಿದ್ದೇನೆ.)

ಮಂಡ್ಯ ಸೀಮೆಯ ಹಳ್ಳಿಯೊಂದರಿಂದ ಬಂದ ಆಕೆಗೆ ನಲವತ್ತರ ಆಸುಪಾಸು. ಗಂಡ ಗಾರೆ ಕೆಲಸದವರು, ಜೊತೆಗೆ ಒಂದಿಷ್ಟು ಜಮೀನು. ಮಗಳು ಡಿಗ್ರಿ ಓದುತ್ತಿದ್ದಾಳೆ, ಮಗ ಒಂಬತ್ತನೇ ಕ್ಲಾಸು. ಗಂಡನ ಕುಡಿತ ಬಿಡಿಸಲು ನನ್ನ ಹತ್ತಿರ ಸಲಹೆಗೆ ಬಂದ ಆಕೆ ಕೂತವರೇ ಕೇಳಿದ್ದು ಇಷ್ಟು: “ಗೊತ್ತಾಗ್ದಂಗೆ ಊಟಕ್ಕೆ ಹಾಕೋ ಪುಡಿ ಯಾವ್ದಾರ ಇದ್ರೆ ಕೊಡಿ ಮೇಡಂ. ಅವ್ರಿಗೂ ಗೊತ್ತಾಗ್ಬಾರ್ದು, ಊರ್ಗೂ ಗೊತ್ತಾಗ್ಬಾರ್ದು.” ಬಸ್ಸಿನಲ್ಲಿ ಅಂಟಿಸಿದ್ದ ಚೀಟಿ ನೋಡಿ ಪೊಟ್ಟಣವೊಂದನ್ನು ತರಿಸಿ ಸಾರಿಗೆ ಬೆರೆಸಿಯೂ ಆಗಿತ್ತು. ಕುಡಿತ ನಿಂತಿರಲಿಲ್ಲ.

ಈ ಬೇಡಿಕೆ ಹೊತ್ತು ಬರುವ ಹೆಂಡತಿಯರು, ತಾಯಂದಿರು ಬಹಳ. ಅವರಿಗೆ ಹೇಳುವುದನ್ನೇ ಆಕೆಗೂ ಹೇಳಿದೆ. ಚೀಟಿಯವರು ಮಾರುವ ಪುಡಿಯಲ್ಲಿ ಏನಿದೆಯೆಂದು ಯಾರೂ ಖಾತ್ರಿ ಕೊಡಲಾರರು. ವೈದ್ಯರು ಕೆಲವರಿಗೆ ಬರೆದುಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ತಾನು ಏನು ನುಂಗುತ್ತಿದ್ದೇನೆಂದು ಪೂರ್ತಿ ತಿಳಿದು ಒಪ್ಪಿದವರಿಗೆ ಮಾತ್ರ, ಹೃದಯ ಮತ್ತು ಯಕೃತ್ತಿನ ತಪಾಸಣೆ ಮಾಡಿ ಅದನ್ನು ಕೊಡುತ್ತಾರೆ. ಕದ್ದು ಹಾಕಿದರೆ ಜೀವಕ್ಕೇ ಎರವಾದೀತು. ಗಂಡನಿಗೆ ಗೊತ್ತಾದ ದಿನದಿಂದ ಆಕೆ ಬಡಿಸಿದ ತಟ್ಟೆಯ ಮೇಲೂ ಅನುಮಾನ ಹುಟ್ಟುತ್ತದೆ.

ಆಮೇಲೆ ನಿಧಾನವಾಗಿ ಹಿಂದಿನ ಕತೆ ಹೊರಬಂತು. ಎರಡು ವರ್ಷದ ಹಿಂದೆ ಅರಳಿಕಟ್ಟೆಯಲ್ಲಿ ಆಕೆಯ ಯಜಮಾನರನ್ನು ನಿಲ್ಲಿಸಿ ಊರ ಹಿರಿಯರು ಬುದ್ಧಿ ಹೇಳಿದ್ದರು, ದಂಡ ಹಾಕಿದ್ದರು. ಗಂಡನ ಅಣ್ಣ ಅವರನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದ. ಅವರು ಅವತ್ತೇ ನಿಲ್ಲಿಸಿದರು. ಮಾರನೆಯ ದಿನ ಕೈ ನಡುಕ, ಬೆವರು. ಮೂರನೆಯ ದಿನ ರಾತ್ರಿ “ಗ್ವಾಡೆ ಮ್ಯಾಲೆ ಹುಳ ಹರೀತಾವೆ” ಎಂದು ಕೂಗಾಡಿದರು. ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಿದರು. ಕೊನೆಗೆ ಸಂಬಂಧಿಕರೊಬ್ಬರು ತಡೆಯಲಾರದೆ ಒಂದು ಕ್ವಾರ್ಟರ್ ತಂದುಕೊಟ್ಟರು, ನಡುಕ ಇಳಿಯಿತು. ಅಲ್ಲಿಂದ ಊರು ಅವರಿಗೆ ಕೊಟ್ಟ ಬಿರುದು ಕುಡುಕ ಅಂತಷ್ಟೇ ಅಲ್ಲ, ದೇವರಿಗೇ ಮೋಸ ಮಾಡಿದವನು ಅಂತ. ಅವರೂ ಅದನ್ನು ನಂಬಿಬಿಟ್ಟಿದ್ದರು. “ನಂಗೆ ದೇವ್ರೇ ಕ್ಷಮ್ಸಾಕಿಲ್ಲ, ಇನ್ನೇನು ಆಸ್ಪತ್ರೆ” ಎನ್ನುತ್ತಿದ್ದರಂತೆ.

ಈ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ವ್ಯಯಿಸಿದ್ದು ಇಲ್ಲಿಯೇ. ವರ್ಷಗಟ್ಟಲೆ ದಿನವೂ ಕುಡಿದ ಮಿದುಳು ಮದ್ಯದ ಒತ್ತಡಕ್ಕೆ ಹೊಂದಿಕೊಂಡಿರುತ್ತದೆ. ಭಾರ ಎಳೆಯುತ್ತಿರುವ ಎತ್ತಿನ ನೊಗ ತಟಕ್ಕನೆ ಕಳಚಿದರೆ ಅದು ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಮದ್ಯ ಒಮ್ಮೆಲೇ ನಿಂತಾಗ ಮಿದುಳಿಗೂ ಹಾಗೇ ಆಗುತ್ತದೆ. ನಡುಕ ಕೆಲವೇ ಗಂಟೆಗಳಲ್ಲಿ ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ ಬರಬಹುದು. ವೈದ್ಯರು ಇದನ್ನು ಡೆಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುವುದೂ ಉಂಟು. ಆ ರಾತ್ರಿ ಅವರು ಆಣೆ ಮುರಿಯಲಿಲ್ಲ, ತುರ್ತು ಚಿಕಿತ್ಸೆ ಬೇಕಿದ್ದ ರೋಗಿಯಾಗಿದ್ದರು ಎಂದು ಹೇಳಿದಾಗ ಆಕೆ ಬಹಳ ಹೊತ್ತು ಅತ್ತರು. ಆಣೆ, ಹರಕೆ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ಆಸ್ಪತ್ರೆ ಮೊದಲಾಗಲಿ, ಬೆಟ್ಟ ಆಮೇಲೆ ಆಗಲಿ ಎನ್ನುತ್ತೇನೆ.

ಗಂಡನ ಹತ್ತಿರ ಮಾತು ಹೇಗೆ ತೆಗೆಯಬೇಕೆಂದು ಆಕೆಗೆ ಕೊಟ್ಟ ಸಲಹೆ ಸಣ್ಣದು. ಕುಡಿದಿರುವಾಗ ಬೇಡ, ಬೆಳಗ್ಗೆ ಮಾತಾಡಿ. ಕುಡಿತದ ಮಾತೆತ್ತಬೇಡಿ, ಕೈ ನಡುಕದ ಮಾತೆತ್ತಿ. ಬೆಳಗ್ಗೆ ಒಂದು ಗುಟುಕು ಬೀಳದೆ ಅವರಿಗೆ ಕರಣೆ ಹಿಡಿಯಲಾಗುತ್ತಿರಲಿಲ್ಲ, ಅದು ಅವರನ್ನು ಕೊರೆಯುತ್ತಿತ್ತು. “ನಡುಕಕ್ಕೆ ಔಷ್ದಿ ಅದೆಯಂತೆ” ಎಂದಾಗ ಅವರು ಬೇಡವೆನ್ನಲಿಲ್ಲ. ಅಷ್ಟರಲ್ಲಿ ಆಕೆಯ ತಮ್ಮ, ಭಾವನನ್ನು ರಾತ್ರೋರಾತ್ರಿ ಎತ್ತಿಹಾಕಿಕೊಂಡು ಹೋಗಿ ಯಾವುದೋ ಕೇಂದ್ರದಲ್ಲಿ ಕೂಡಿಹಾಕಿಸುವ ಯೋಚನೆಯಲ್ಲಿದ್ದ. ಅದನ್ನು ತಡೆದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಕಟ್ಟಿಹಾಕುವುದು, ಹೀನಾಯವಾಗಿ ನಡೆಸಿಕೊಳ್ಳುವುದು ಆ ಕಾಯ್ದೆಯಡಿ ಸಲ್ಲದು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ತಾಲ್ಲೂಕು ಆಸ್ಪತ್ರೆಗೆ ಹೋಗುವುದೆಂದು ಮಾತಾಯಿತು. ಹೋಗುವ ಮುಂಚೆ ಒಂದು ವಿಷಯ ಒಪ್ಪಿಸಿದೆ: ಎಷ್ಟು ಕುಡಿಯುತ್ತೀರಿ ಅಂದರೆ ನಿಜ ಹೇಳಬೇಕು. “ಒಂದು ಕ್ವಾರ್ಟರು” ಎಂದಿದ್ದರು ಮೊದಲು. ಬಿಡಿಸಿ ಕೇಳಿದಾಗ ಅದು ದಿನಕ್ಕೆ ಮೂರು, ಅಂದರೆ 540 ಮಿಲಿಲೀಟರ್. ನಾಚಿಕೆಯಿಂದ ಕಡಿಮೆ ಹೇಳಿದರೆ ನಡುಕ ತಡೆಯಲು ವೈದ್ಯರು ಕೊಡುವ ಮಾತ್ರೆಯ ಪ್ರಮಾಣವೂ ತಪ್ಪುತ್ತದೆ. ಅವಮಾನದ ಭಯ ಇಷ್ಟು ನೇರವಾಗಿ ಮೈಗೆ ಕುತ್ತು ತರುವುದನ್ನು ನಾನು ಬೇರೆ ಕಾಯಿಲೆಗಳಲ್ಲಿ ಅಷ್ಟಾಗಿ ಕಂಡಿಲ್ಲ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಸೇರಿಸಿಕೊಂಡರು. ಬಿ1 ಜೀವಸತ್ವದ ಚುಚ್ಚುಮದ್ದು, ದಿನದಿಂದ ದಿನಕ್ಕೆ ಇಳಿಸುತ್ತ ಹೋಗುವ ಮಾತ್ರೆ, ನಂತರ ಕುಡಿಯುವ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್. ಹುಳಗಳು ಕಾಣಲಿಲ್ಲ.

ಊರಿಗೆ ಮರಳಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಕೆಲವು ತಿಂಗಳು ಚೆನ್ನಾಗಿದ್ದರು. ನಂತರ ಸಂಬಂಧಿಕರ ಮನೆಯ ಬೀಗರೂಟ. ನಮ್ಮ ಕಡೆಯ ಬೀಗರೂಟದಲ್ಲಿ ಏನು ನಡೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕುಡುಕ ಎಂದು ಕರೆಯುತ್ತಿದ್ದವರೇ ಲೋಟ ಹಿಡಿದು “ಇವತ್ತೊಂದಿನ ತಗೊಂಡ್ರೆ ಏನಾಯ್ತದ್ಲಾ” ಎಂದರು. ಅವರು ತೆಗೆದುಕೊಂಡರು. ಮಾರನೆಯ ದಿನ ಡೇರಿ ಮುಂದೆ ಅದೇ ಜನ ನಕ್ಕರು. ವಾರವಿಡೀ ಕುಡಿದರು. ನಾನು ಫೋನ್ ಮಾಡಿದರೆ ಆಕೆ “ಚೆನ್ನಾಗವ್ರೆ ಮೇಡಂ” ಎಂದರು. ಕಡೆಗೆ ತಾವೇ ಫೋನ್ ಮಾಡಿ ನಿಜ ಹೇಳಿದರು.

ಆಗ ಇಬ್ಬರನ್ನೂ ಕೂರಿಸಿಕೊಂಡು ಕೇಳಿದೆ: ಲೋಟ ಕೊಟ್ಟವರಿಗೆ “ಮಾತ್ರೆ ತಗೊಳ್ತಾ ಇದೀನಿ, ಡಾಕ್ಟ್ರು ಬ್ಯಾಡ ಅಂದವ್ರೆ” ಅನ್ನಬಹುದಿತ್ತಲ್ಲ? ಅವರು ತಲೆ ತಗ್ಗಿಸಿದರು. ಮಾತ್ರೆಯನ್ನು ಕೊಟ್ಟಿಗೆಯ ತಡಿಕೆಯಲ್ಲಿ ಸಿಕ್ಕಿಸಿಟ್ಟು ನುಂಗುತ್ತಿದ್ದರಂತೆ. ಆಸ್ಪತ್ರೆಯಲ್ಲಿದ್ದ ದಿನಗಳನ್ನು ಬೆಂಗಳೂರಿನಲ್ಲಿ ಕೆಲಸವಿತ್ತು ಎಂದು ಹೇಳಿಬಿಟ್ಟಿದ್ದರು. ಅವರು ಕುಡಿಯುವುದು ಊರಿಗೆಲ್ಲ ಮೊದಲೇ ಗೊತ್ತಿತ್ತು. ಆ ಮನೆ ಮುಚ್ಚಿಟ್ಟಿದ್ದು ಚಿಕಿತ್ಸೆಯನ್ನು. ಬಾರಿನ ಮುಂದೆ ಬಿದ್ದಿರುವುದಕ್ಕಿಂತ ಮನೋವೈದ್ಯರ ಚೀಟಿ ಹಿಡಿದು ನಿಲ್ಲುವುದು ಹೆಚ್ಚು ಅವಮಾನ ಎನಿಸುವಂತೆ ನಮ್ಮ ಊರುಗಳು ನಡೆದುಕೊಳ್ಳುತ್ತಿವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಿದ್ಧಪಡಿಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಅಥವಾ ನೆರವು ಸಿಕ್ಕಿದೆ. ಮಿಕ್ಕವರಲ್ಲಿ ಎಷ್ಟೋ ಜನರ ಕತೆ ಈ ಕೊಟ್ಟಿಗೆಯಂಥದ್ದೇ ಇರಬೇಕು ಎಂದು ನನಗನ್ನಿಸುತ್ತದೆ.

ಗುಟ್ಟು ಕಾಯುವುದು ಅವರ ಹಕ್ಕು, ಕಾಯ್ದೆಯೂ ಅದನ್ನೇ ಹೇಳುತ್ತದೆ. ಹಾಗಾಗಿ ಊರಿಗೆಲ್ಲ ಸಾರಬೇಕೆಂದು ನಾನು ಹೇಳಲಿಲ್ಲ. ಚಿಕಿತ್ಸೆಯ ವಿಷಯ ತಿಳಿದರೆ ನಿಮಗೆ ಅನುಕೂಲವಾಗುವಂಥ ಮೂವರನ್ನು ನೀವೇ ಆರಿಸಿ ಎಂದೆ. ಅವರು ಆರಿಸಿದ್ದು ಅಣ್ಣ, ಮೇಸ್ತ್ರಿ, ಮತ್ತು ಹೆಂಡತಿಯ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಮೂವರೂ ಬೇರೆಬೇರೆ ದಿನ ಬಂದರು.

ಮೇಸ್ತ್ರಿ ಸಲೀಸಾಗಿ ಒಪ್ಪಿದರು. ಸಂಜೆ ಬಟವಾಡೆ ಬಾರಿನ ಪಕ್ಕದ ಹೋಟೆಲ್‌ನಲ್ಲಿ ಆಗುತ್ತಿತ್ತು, ಅದನ್ನು ಕೆಲಸದ ಜಾಗಕ್ಕೇ ಬದಲಿಸಿದರು. ಯಜಮಾನರೇ ಕೇಳಿದ್ದರಿಂದ ಕೂಲಿಯಲ್ಲಿ ಅರ್ಧ ಹೆಂಡತಿಯ ಖಾತೆಗೆ ಹೋಗತೊಡಗಿತು. ಅಧ್ಯಕ್ಷೆಯ ಜೊತೆ ಮಾತು ಬಿಗಿಯಾಗಿಯೇ ನಡೆಯಿತು. “ನಿನ್ ಗಂಡ ಕುಡ್ದು ಹಾಳ್ಮಾಡ್ತಾನೆ” ಎಂದು ಸಂಘದಲ್ಲಿ ಆಕೆಗೆ ಹಸುವಿನ ಸಾಲ ನಿರಾಕರಿಸಿದ್ದರು. ಆಕೆ ಒಂದು ಕಂತೂ ತಪ್ಪಿಸಿದವರಲ್ಲ. ಗಂಡನ ಕಾಯಿಲೆಗೆ ಹೆಂಡತಿಯ ಲೆಕ್ಕ ಯಾಕೆ ಕೆಡಬೇಕು, ಅವಳ ಪುಸ್ತಕ ನೋಡಿ ತೀರ್ಮಾನಿಸಿ ಎಂದೆ. ಅಣ್ಣನಿಗೆ ಹೇಳಿದ್ದು ಬೀಗರೂಟದ ಬಗ್ಗೆ: ತಮ್ಮನನ್ನು ಬರಬೇಡ ಎನ್ನಬೇಡಿ, ಜೊತೆಗೆ ಕರೆದುಕೊಂಡು ಹೋಗಿ, ಮೊದಲ ಪಂಕ್ತಿಯಲ್ಲಿ ಊಟ ಮುಗಿಸಿ ಇಬ್ಬರೂ ಹೊರಟುಬಿಡಿ. ದಿನಾ ಬಾಯಿ ಮೂಸಿ ನೋಡುವುದನ್ನು ನಿಲ್ಲಿಸಿ. ಮತ್ತೆ ಕುಡಿದದ್ದು ಗೊತ್ತಾದರೆ ಕಟ್ಟೆಗೆ ಕರೆಯಬೇಡಿ, ಆಸ್ಪತ್ರೆಗೆ ಕರೆತನ್ನಿ. ಮರುಕಳಿಸುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ಯಾರೂ ದಂಡ ಹಾಕುವುದಿಲ್ಲ.

ಮಗನ ವಿಷಯ ತಡವಾಗಿ ತಿಳಿಯಿತು. ಸ್ಕೂಲಿನಲ್ಲಿ ಹುಡುಗರು ಅವನನ್ನು “ಕ್ವಾರ್ಟ್ರು” ಎಂದು ಕರೆಯುತ್ತಿದ್ದರು. ಅವನು ಕಬಡ್ಡಿ ಆಡುವುದನ್ನೇ ಬಿಟ್ಟಿದ್ದ. ತಾಯಿ ಮುಖ್ಯೋಪಾಧ್ಯಾಯರನ್ನು ಕಂಡು ಮಾತಾಡಿದರು. ಹುಡುಗನ ಜೊತೆ ನಾನೂ ಕೂತೆ. ಅಪ್ಪ ಕುಡಿದದ್ದು ನಿನ್ನಿಂದಲ್ಲ, ಬಿಡಿಸುವ ಹೊಣೆಯೂ ನಿನ್ನದಲ್ಲ ಎಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಈಗ ಯಜಮಾನರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುತ್ತಾರೆ, ಕುಡಿತ ಬಿಟ್ಟವರು, ಬಿಡಲು ಹೊರಟವರು ಒಬ್ಬರಿಗೊಬ್ಬರು ನೆರವಾಗಲು ಪಟ್ಟಣದಲ್ಲಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೂ ಹೋಗುತ್ತಾರೆ. ನಡುವೆ ಮತ್ತೊಮ್ಮೆ ಜಾರಿದರು. ಆ ಸಲ ಅಣ್ಣನೇ ಮಾರನೆಯ ದಿನ ಕರೆತಂದರು. ಹಸುವಿನ ಸಾಲ ಮಂಜೂರಾಗಿದೆ. ಡೇರಿ ಮುಂದಿನ ನಗು ಇನ್ನೂ ಪೂರ್ತಿ ನಿಂತಿಲ್ಲ.

ಓದುತ್ತಿರುವವರ ಮನೆಯಲ್ಲಿ ದಿನವೂ ಹೆಚ್ಚು ಕುಡಿಯುವವರು ಬಿಡಲು ಹೊರಟಿದ್ದರೆ, ಒಮ್ಮೆಲೇ ನಿಲ್ಲಿಸುವ ಮುಂಚೆ ವೈದ್ಯರನ್ನು ಕಾಣಿ. ಈಗಾಗಲೇ ನಿಲ್ಲಿಸಿ ನಡುಕ, ಫಿಟ್ಸ್, ಗಲಿಬಿಲಿ ಶುರುವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಫೋನಿನಲ್ಲಿ ಸಲಹೆ ಬೇಕಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಎರಡೂ ಉಚಿತ. ಏನು ಕುಡಿಯುತ್ತಾರೆ, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈ ನಾಲ್ಕನ್ನೂ ಇದ್ದ ಹಾಗೆಯೇ ಹೇಳಿ.