ಅಮ್ಮ, ಮಗಳ ಜೊತೆ ಮೇಡಂ ಟುಸ್ಸಾಡ್ಸ್: ನನ್ನ ಸಲಹೆ

ಎಪ್ಪತ್ತು ದಾಟಿದ ಅಮ್ಮನನ್ನೂ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಲಂಡನ್ನಿನ ಮೇಣದ ಪ್ರತಿಮೆಗಳ ಸಂಗ್ರಹಾಲಯ ಮೇಡಂ ಟುಸ್ಸಾಡ್ಸ್‌ಗೆ ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಟಿಕೆಟ್ ಆನ್‌ಲೈನ್‌ನಲ್ಲೇ ಮೊದಲು ಕಾದಿರಿಸಿ, ಬೆಳಗಿನ ಮೊದಲ ಹೊತ್ತನ್ನೇ ಆರಿಸಿ. ಮಧ್ಯಾಹ್ನದ ನೂಕುನುಗ್ಗಲಲ್ಲಿ ಅಮ್ಮನವರಿಗೆ ನಿಂತು ನಿಂತು ಸಾಕಾಗುತ್ತದೆ. ಗಾಲಿಕುರ್ಚಿ ಬೇಕಿದ್ದರೆ ಅದನ್ನೂ ಮುಂಚೆಯೇ ತಿಳಿಸಿ.

ಎಲ್ಲರೂ ಫೋಟೊ ತೆಗೆದುಕೊಂಡು ಓಡುತ್ತಾರೆ, ನೀವು ಹಾಗೆ ಮಾಡಬೇಡಿ. ಯಾವುದಾದರೂ ಒಂದು ಪ್ರತಿಮೆಯ ಹತ್ತಿರ ನಿಂತು ಹುಬ್ಬು, ಹಣೆಯಂಚಿನ ಕೂದಲು ನೋಡಿ. ಒಂದೊಂದೇ ಎಳೆಯನ್ನು ಸೂಜಿಯಿಂದ ಮೇಣಕ್ಕೆ ನಾಟಿರುತ್ತಾರೆ. ಕಣ್ಣಿನ ಬಿಳಿಭಾಗದ ನರಗಳು ಕೆಂಪು ರೇಷ್ಮೆ ನೂಲು! ಮೇಣ ಆರುವಾಗ ಕುಗ್ಗುತ್ತದೆಂದು ಅಚ್ಚನ್ನು ತುಸು ದೊಡ್ಡದಾಗಿಯೇ ಮಾಡುತ್ತಾರೆ. ಮಗಳಿಗೆ ಇದನ್ನೆಲ್ಲ ಹೇಳಿ, ಕಣ್ಣರಳಿಸಿ ನೋಡುತ್ತಾಳೆ.

ಈ ಸಂಗ್ರಹಾಲಯದ ಸ್ಥಾಪಕಿ, 1761ರಲ್ಲಿ ಹುಟ್ಟಿದ ಮೇರಿ ಟುಸ್ಸಾಡ್ ಊರೂರು ಸುತ್ತಿ ಪ್ರದರ್ಶನ ನಡೆಸಿ, ಕೊನೆಗೆ 1835ರಲ್ಲಿ ಬೇಕರ್ ಸ್ಟ್ರೀಟ್‌ನಲ್ಲಿ ನೆಲೆನಿಂತವರು. ಒಬ್ಬ ಹೆಂಗಸು ಆ ಕಾಲದಲ್ಲಿ ಹೀಗೆ ಸಂಸ್ಥೆ ಕಟ್ಟಿದ್ದು ನನಗಂತೂ ಪ್ರತಿಮೆಗಳಿಗಿಂತ ದೊಡ್ಡ ವಿಷಯ.

ಸಂಗ್ರಹಾಲಯದ ಒಳಗೇ ಕಪ್ಪು ಟ್ಯಾಕ್ಸಿಯಂಥ ಬಂಡಿಯಲ್ಲಿ ಕೂತು ಲಂಡನ್ ಚರಿತ್ರೆ ನೋಡುವ ಸವಾರಿ ಅಮ್ಮನವರಿಗೂ ಇಷ್ಟವಾದೀತು. 'ಚೇಂಬರ್ ಆಫ್ ಹಾರರ್ಸ್' ಮಾತ್ರ ಮಗಳಿಗೆ ಬೇಡ, ಕೊಲೆಗಡುಕರ ಕಥೆಗಳವು. ಬೇಕರ್ ಸ್ಟ್ರೀಟ್ ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ. ಹೊರಬಂದ ಮೇಲೆ ರೀಜೆಂಟ್ಸ್ ಪಾರ್ಕ್ ಹತ್ತಿರವೇ. ಊಟದ ಬುತ್ತಿಯನ್ನು ಅಲ್ಲಿ ಬಿಚ್ಚಿ.